ಕಲ್ಲುಪೆಟ್ಟಿನ ಏಳು ಎಣಿಕೆ

“ಏಯ್ ವಾಸನೆ, ಅಲ್ಲೇ ನಿಲ್ಲು! ಮೇಲಿನ ಮೆಟ್ಟಿಲು ತುಳೀಬೇಡ ಅಂತ ಎಷ್ಟು ಸಲ ಬಡ್ಕೋಬೇಕು ನಿಂಗೆ? ಡೋಲು ಅಲ್ಲಿಟ್ಟು ಇಳೀತಾ ಇರು.”

ಸ್ಟೋರಿನವನು ಮೂಗಿಗೆ ಕರ್ಚೀಫು ಒತ್ತಿಕೊಂಡೇ ಮಾತಾಡುತ್ತಾನೆ. ಇಡೀ ಕಟ್ಟಡದ ಬೀಗದ ಕೈಗಳು ಅವನ ಸೊಂಟದಲ್ಲಿ ಜೋತಾಡುವುದರಿಂದ ನೆಲಮಾಳಿಗೆಯವರಾದ ನಾವು ಅವನನ್ನು ಬೀಗಪ್ಪ ಅನ್ನುತ್ತೇವೆ. ಅವನು ನನ್ನನ್ನು ವಾಸನೆ ಅನ್ನುತ್ತಾನೆ. ಅಲ್ಲಿಗಲ್ಲಿಗೆ ಸರಿಹೋಯಿತಲ್ಲ ಅಂತ ಯಾರಾದರೂ ಅಂದುಕೊಂಡರೆ ಅವರು ಒಂದು ದಿನ ಕೆಳಗಿಳಿದು ನೋಡಬೇಕು.

ಡೋಲನ್ನು ಮೇಲಿನ ಮೆಟ್ಟಿಲಿಗಿಂತ ಒಂದು ಕೆಳಗೆ ಇಟ್ಟೆ. ಮೂರು ದಿನ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ಬಳೆಗೆ ಬಿಗಿದು, ಕೆಂಡದ ಬಿಸಿ ತೋರಿಸಿ ಹದಕ್ಕೆ ತಂದ ಹೊಸ ಮುಚ್ಚಿಗೆ ಅದು. ಬೀಗಪ್ಪ ಎರಡೇ ಬೆರಳಲ್ಲಿ ಹಗ್ಗ ಹಿಡಿದು ಅದನ್ನು ಎತ್ತಿಕೊಂಡ. ಒಳಗೆ ಕೂತ ದೊಡ್ಡವರ ಮಕ್ಕಳು ಮಾತ್ರ ಅದೇ ತೊಗಲನ್ನು ಎರಡೂ ಕೈಯಿಂದ ತಟ್ಟುತ್ತಾರೆ. ಅಷ್ಟರೊಳಗೆ ವಾಸನೆ ಹೋಗಿರುತ್ತದೆ ಅಂತ ಕಾಣುತ್ತದೆ.

ಸಂಸ್ಥೆಯ ಮುಂಬಾಗಿಲ ಮೇಲೆ ‘ತಾಳವಾದ್ಯ ಶಿಕ್ಷಣಕ್ಕಾಗಿ, ವಾದ್ಯಗಾರರ ಏಳಿಗೆಗಾಗಿ’ ಎಂದು ಹಿತ್ತಾಳೆಯ ಅಕ್ಷರಗಳಲ್ಲಿ ಬರೆದಿದೆ. ನಾವು ಬರುವುದು ಹಿಂಬಾಗಿಲಿನಿಂದ. ಅಲ್ಲಿ ಏನೂ ಬರೆದಿಲ್ಲ. ಅಲ್ಲಿಂದ ಇಪ್ಪತ್ತೆರಡು ಮೆಟ್ಟಿಲು ಇಳಿದರೆ ಸುಣ್ಣದ ತೊಟ್ಟಿ, ತೊಗಲಿನ ರಾಶಿ, ಒಂದು ನಲ್ಲಿ. ಕಿಟಕಿ ಇಲ್ಲ. ಅಪ್ಪ ಅಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ. ಅವನು ಹೋದ ಮೇಲೆ ಅವನ ಉಳಿ, ಅವನ ಮಣೆ, ಅವನ ಕೆಮ್ಮು ಎಲ್ಲ ನನಗೆ ಬಂದವು.

ಹತ್ತು ಗಂಟೆಗೆ ನನ್ನ ತಲೆಯ ಮೇಲೆ ಮೂವತ್ತು ಡೋಲುಗಳು ಶುರುವಾಗುತ್ತವೆ. ನುಡಿಸುವುದು ಅಪ್ಪನ ಕಲ್ಲುಪೆಟ್ಟು. ನೆಲಮಾಳಿಗೆಯ ಚಾವಣಿ ಅದುರಿ ಸುಣ್ಣದ ಪುಡಿ ಉದುರುತ್ತದೆ. ಪೆಟ್ಟು ಏರುತ್ತಾ ಏರುತ್ತಾ ಹೋಗಿ, ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ ಮೂವತ್ತೂ ಒಟ್ಟಿಗೆ ನಿಂತುಬಿಡುತ್ತವೆ. ಒಂದು, ಎರಡು, ಮೂರು... ಏಳರವರೆಗೆ ಒಂದು ಸದ್ದೂ ಇಲ್ಲ. ಎಂಟಕ್ಕೆ ಮತ್ತೆ ಬೀಳುತ್ತವೆ. ಆ ಏಳು ಎಣಿಕೆಯಲ್ಲಿ ನನ್ನ ಕೈಯ ಉಳಿ ತಾನಾಗಿ ನಿಲ್ಲುತ್ತದೆ. ಯಾಕೆಂದರೆ ಅಲ್ಲಿ ನನ್ನಪ್ಪ ಉಸಿರು ಸಿಗದೆ ಒದ್ದಾಡುತ್ತಿದ್ದಾನೆ. ಸತ್ತು ಆರು ವರ್ಷವಾಯಿತು. ಭಾನುವಾರ ಒಂದು ಬಿಟ್ಟು ದಿನಾ ಒದ್ದಾಡುತ್ತಾನೆ.

ಅಪ್ಪ ಡೋಲು ಕಲಿತದ್ದು ಕಲ್ಲುಗಣಿಯ ಏರಿನಲ್ಲಿ. ಮನೆಯಷ್ಟು ದೊಡ್ಡ ಬಂಡೆಯನ್ನು ಉರುಳುಮರದ ಮೇಲಿಟ್ಟು ನಲವತ್ತು ಜನ ಹಗ್ಗ ಹಿಡಿದು ಏರಿಗೆ ಎಳೆಯುತ್ತಿದ್ದರು. ಅವರ ಮುಂದೆ, ಅವರತ್ತ ಮುಖ ಮಾಡಿ, ಹಿಂದುಹಿಂದಕ್ಕೆ ನಡೆಯುತ್ತಾ ಅಪ್ಪ ಬಾರಿಸುತ್ತಿದ್ದ. ಒಂದು ಪೆಟ್ಟು ಕಾಲಿಗೆ, ಒಂದು ಪೆಟ್ಟು ಎಳೆತಕ್ಕೆ. ಡೋಲು ನಿಂತರೆ ಒಬ್ಬನ ಕಾಲು ಮೇಲೆ, ಇನ್ನೊಬ್ಬನ ಕಾಲು ಕೆಳಗೆ. ಹಗ್ಗ ಸಡಿಲವಾಗಿ ಬಂಡೆ ಹಿಂದಕ್ಕೆ ಜಾರುತ್ತದೆ. ಅದರ ಹಿಂದೆ ಬೆಣೆ ಹಿಡಿದ ಇಬ್ಬರು ನಡೆಯುತ್ತಿರುತ್ತಾರೆ. ಜಾರಿದ ಬಂಡೆಯ ಕೆಳಗೆ ಸಿಕ್ಕವರನ್ನು ಗೋಣಿಚೀಲದಲ್ಲಿ ಮನೆಗೆ ತರುತ್ತಿದ್ದರು. ಅಪ್ಪ ಬಾರಿಸಿದ ಹತ್ತೊಂಬತ್ತು ವರ್ಷದಲ್ಲಿ ಒಂದು ಬಂಡೆಯೂ ಜಾರಲಿಲ್ಲ. ಜ್ವರದಲ್ಲೂ ಬಾರಿಸಿದ. ತನ್ನ ತಾಯಿ ಸತ್ತ ಸುದ್ದಿ ಏರಿನ ಅರ್ಧದಲ್ಲಿ ಬಂದಾಗಲೂ ತುದಿ ಮುಟ್ಟಿಸಿಯೇ ಅತ್ತ. ನಮ್ಮವ್ವ ಆ ಹಗ್ಗದಲ್ಲಿ ಮೂರನೆಯವಳು. ಅವಳು ಗಂಡನನ್ನು ಮೊದಲು ನಂಬಿದ್ದು ಆ ಸದ್ದಿನಿಂದ.

ಆಮೇಲೆ ಗಣಿಗೆ ಯಂತ್ರ ಬಂತು. ಹಗ್ಗದವರು ದಿಕ್ಕಾಪಾಲಾದರು. ಅಪ್ಪ ನೆಲಮಾಳಿಗೆ ಸೇರಿದ.

ಆರು ವರ್ಷದ ಹಿಂದೆ ನಿರ್ದೇಶಕರಿಗೆ ಕೆಳಗೆ ತೊಗಲು ಹೆರೆಯುವ ಮುದುಕನ ಹತ್ತಿರ ಒಂದು ಅಪರೂಪದ ಪೆಟ್ಟು ಇದೆ ಅಂತ ಗೊತ್ತಾಯಿತು. ಮೇಲೆ ಕರೆಸಿ, ದಪ್ಪ ಬಾಗಿಲಿನ ಕೋಣೆಯಲ್ಲಿ ಕೂರಿಸಿ, ಸದ್ದು ಹಿಡಿಯುವ ಯಂತ್ರ ಇಟ್ಟರು. ಡೋಲು ಹೊತ್ತುಕೊಂಡು ಹೋದವಳು ನಾನು. ಅಪ್ಪ ಚೆನ್ನಾಗಿಯೇ ಬಾರಿಸಿದ. ಏರು ಮುಕ್ಕಾಲು ಮುಗಿದಿತ್ತು. ಆಗ ಎದೆಯೊಳಗಿನ ಕಲ್ಲುಪುಡಿ, ಸುಣ್ಣದ ಪುಡಿ ಎಲ್ಲ ಒಟ್ಟಿಗೆ ಎದ್ದಿತು. ಕೆಮ್ಮಿದ. ಕೈ ಬಿದ್ದುಹೋಯಿತು. “ಮಗಾ, ನೀರು” ಅಂದ. ಮೇಲಿನ ನೀರಿನ ಡಬ್ಬದ ಹತ್ತಿರ ಓಡಿದೆ. ಬೀಗಪ್ಪ ಅಡ್ಡ ನಿಂತ. “ಲೋಟ ಎಲ್ಲಾ ಮೇಷ್ಟ್ರುಗಳದ್ದು, ಕೆಳಗಿಂದ ತಗೊಂಬಾ” ಅಂದ. ಇಪ್ಪತ್ತೆರಡು ಮೆಟ್ಟಿಲು ಇಳಿದು, ನಲ್ಲಿಯಲ್ಲಿ ತಂಬಿಗೆ ತುಂಬಿಸಿ, ಮತ್ತೆ ಇಪ್ಪತ್ತೆರಡು ಹತ್ತಿ ಬಂದೆ. ಅಪ್ಪ ನೆಲದ ಮೇಲೆ ಮುದುರಿ ಮಲಗಿದ್ದ. ಯಂತ್ರ ಓಡುತ್ತಲೇ ಇತ್ತು. ನೀರು ಕುಡಿದು, ಎದ್ದು ಕೂತು, ಉಳಿದ ಏರನ್ನು ಮುಗಿಸಿದ. ಮುಗಿಸಿ ಕೈಮುಗಿದ.

“ಸಾರ್, ಇದನ್ನ ಅಳಿಸ್ಬಿಡಿ. ನಾಳೆ ಮೊದಲಿಂದ ಹೊಡೀತೀನಿ. ಇದ್ರಲ್ಲಿ ಕಲ್ಲು ಜಾರೋಗಿದೆ ಸಾರ್.”

“ಆಗಲಿ, ಹೋಗಿ ಸುಧಾರಿಸ್ಕೊಳ್ಳಿ” ಅಂದರು ನಿರ್ದೇಶಕರು. ಅವರು ಯಾರನ್ನೂ ಗದರಿಸುವವರಲ್ಲ.

ಅಪ್ಪನಿಗೆ ಆ ನಾಳೆ ಬರಲಿಲ್ಲ. ಒಂಬತ್ತನೇ ದಿನ ತೀರಿಕೊಂಡ. ಸಾಯುವ ಮುಂಚೆ ನನ್ನ ಕೈ ಹಿಡಿದು, “ನಾನು ಏರಲ್ಲಿ ನಿಲ್ಸಿದೆ ಅಂತ ನಿಮ್ಮವ್ವಂಗೆ ಮಾತ್ರ ಹೇಳ್ಬೇಡ” ಅಂದ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟು ನಾನು ಬಾಯಿಗೆ ಬೀಗ ಹಾಕಿಕೊಂಡೆ. ಇತ್ತ ನಿರ್ದೇಶಕರು ಯಂತ್ರದಿಂದ ಕೆಮ್ಮನ್ನು ಒರೆಸಿದರು. ‘ಮಗಾ, ನೀರು’ ಅನ್ನುವುದನ್ನೂ ಒರೆಸಿದರು. ಅಪ್ಪ ನೆಲದಲ್ಲಿ ಬಿದ್ದಿದ್ದ ಹೊತ್ತನ್ನು ಕತ್ತರಿಸಿ, ಎರಡೂ ತುದಿ ಜೋಡಿಸಿ, ನಡುವೆ ಏಳು ಎಣಿಕೆಯಷ್ಟು ಖಾಲಿ ಬಿಟ್ಟರು. ಅದಕ್ಕೊಂದು ಹೆಸರಿಟ್ಟು ಪುಸ್ತಕ ಬರೆದರು. ‘ಶ್ರಮಿಕನ ಮಹಾಮೌನ’ ಅಂತೆ. ಆ ಮೌನದಲ್ಲಿ ಕೈಯನ್ನು ಕಿವಿಯ ಎತ್ತರಕ್ಕೆ ಎತ್ತಿ ಕಣ್ಣು ಮುಚ್ಚಬೇಕಂತೆ. ಕಣ್ಣು ಮುಚ್ಚಿಕೊಂಡು ಏರಿನಲ್ಲಿ ಹಿಂದಕ್ಕೆ ನಡೆದಿದ್ದರೆ ಅಪ್ಪ ಮೊದಲ ದಿನವೇ ಹಳ್ಳಕ್ಕೆ ಬೀಳುತ್ತಿದ್ದ.

ಈ ವರ್ಷ ಸಂಸ್ಥೆಯಲ್ಲಿ ಒಂದು ಸಹಾಯಕ ಶಿಕ್ಷಕನ ಜಾಗ ಖಾಲಿಯಾಯಿತು. ‘ಮೂಲ ವಾದ್ಯಗಾರರ ಮನೆತನದವರಿಗೆ ಆದ್ಯತೆ’ ಎಂದು ಗೋಡೆಗೆ ಅಂಟಿಸಿದ್ದನ್ನು ನೋಡಿ ನಾನೇ ತಮ್ಮನಿಗೆ ಹೇಳಿದೆ. ಅವನು ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಬಲಭುಜ ಆಗಲೇ ಒಂದು ಬೆರಳಿನಷ್ಟು ಕೆಳಗಿಳಿದಿದೆ. ಇನ್ನೆರಡು ವರ್ಷ ಹೊತ್ತರೆ ಕೈ ಎತ್ತಲೂ ಆಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಕಲ್ಲುಪೆಟ್ಟನ್ನು ಅವನು ಅಪ್ಪನ ತೊಡೆಯ ಮೇಲೆ ಕೂತು ಕಲಿತವನು. ಈ ಕೆಲಸ ಸಿಕ್ಕರೆ ಅವನ ಭುಜ ಉಳಿಯುತ್ತದೆ ಅನ್ನುವುದಷ್ಟೇ ನನ್ನ ತಲೆಯಲ್ಲಿತ್ತು.

ಪರೀಕ್ಷೆಯ ದಿನ ಡೋಲು ಹೊತ್ತು ತರಲು ನನ್ನನ್ನೇ ಮೇಲೆ ಕರೆದಿದ್ದರು; ಅದೇ ನೆಪದಲ್ಲಿ ಬಾಗಿಲ ಬಳಿ ನಿಂತೆ. ಸೋಪಿನಿಂದ ಮೂರು ಸಲ ಕೈ ತೊಳೆದುಕೊಂಡು ತಮ್ಮ ಬಂದಿದ್ದ. ಬೀಗಪ್ಪ ಕುರ್ಚಿಯ ಮೇಲೆ ಹಳೆಯ ಪೇಪರು ಹಾಸಿ, “ಹಾಂ, ಈಗ ಕೂತ್ಕೋ” ಅಂದ. ಎದುರಿಗೆ ಮೂವರು. ನಡುವೆ ನಿರ್ದೇಶಕರು.

“ನಿನ್ನ ಗುರುಗಳು ಯಾರು?” ಎಡಗಡೆಯವರು ಕೇಳಿದರು.

“ನಮ್ಮಪ್ಪ ಸಾರ್.”

“ಅವರ ಗುರುಗಳು?”

“ಕಲ್ಲು, ಸಾರ್.”

ಬಲಗಡೆಯವರು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ತಮ್ಮ ಬಾರಿಸಿದ. ಆ ಮೌನದ ಜಾಗ ಬಂದಾಗ ನಿರ್ದೇಶಕರು ಕೈ ಎತ್ತಿದರು. ತಮ್ಮ ನಿಲ್ಲಿಸಲಿಲ್ಲ. “ನಿಲ್ಲಿಸಪ್ಪಾ” ಅಂದರು. ಆದರೂ ನಿಲ್ಲಿಸಲಿಲ್ಲ. ಬೆವರು ಸುರಿಸುತ್ತಾ ತುದಿ ಮುಟ್ಟಿಸಿ, ಆಮೇಲೆ ಕೈ ಕಟ್ಟಿ ನಿಂತ. ಕಲ್ಲುಪೆಟ್ಟನ್ನು ನಡುವೆ ನಿಲ್ಲಿಸುವುದು ನಮ್ಮವರ ಕೈಗೆ ಬರುವುದಿಲ್ಲ. ‘ಸೂಚನೆ ಪಾಲಿಸುವುದಿಲ್ಲ’ ಎಂದು ಎಡಗಡೆಯವರು ಬರೆದುಕೊಂಡರು.

ನಿರ್ದೇಶಕರು ಮೇಜಿನ ಮೇಲಿನ ಯಂತ್ರದ ಗುಂಡಿ ಒತ್ತಿದರು. ಅಪ್ಪ ಬಂದ. ಆ ಕೋಣೆಯಲ್ಲಿ, ಆ ಮೂವರ ನಡುವೆ, ಅಪ್ಪನ ಬೆರಳು ಅಪ್ಪನ ತೊಗಲಿನ ಮೇಲೆ ಬಿತ್ತು. ಮಕ್ಕಳು ಬಾರಿಸುವುದನ್ನು ಕೇಳಿ ಕೇಳಿ ನಿಜವಾದದ್ದು ಹೇಗಿತ್ತು ಅನ್ನುವುದನ್ನೇ ಮರೆತಿದ್ದೆ. ನನಗೆ ಅಳು ಉಕ್ಕಿ ಬಂತು. ಪೆಟ್ಟು ಏರಿತು, ನಿಂತಿತು. ಕೋಣೆ ಖಾಲಿಯಾಯಿತು. ತಮ್ಮನ ಮುಖ ನೋಡಿದೆ. ಬಂಡೆ ತನ್ನ ಮೇಲೆಯೇ ಬರುತ್ತಿದೆ ಅನ್ನುವಂತೆ ಒಂದು ಹೆಜ್ಜೆ ಹಿಂದಕ್ಕೆ ಸರಿದ.

“ಕೇಳಿಸಿತಾ?” ನಿರ್ದೇಶಕರು ಮೃದುವಾಗಿ ಕೇಳಿದರು. “ಇದು ನಿಮ್ಮ ತಂದೆ. ಈಗ ನೀನು ನುಡಿಸಿದ್ದು ಯಾರದಪ್ಪಾ? ಅವರಿಗೆ ಮೌನ ಗೊತ್ತಿತ್ತು. ನಿನಗೆ ಬರೀ ಗಲಾಟೆ ಗೊತ್ತು.”

ತಮ್ಮ ತಲೆ ತಗ್ಗಿಸಿದ. ಅವನಿಗೆ ಇನ್ನೊಂದು ಅವಕಾಶ ಕೊಟ್ಟರು. ಹದಿನೈದು ದಿನಕ್ಕೆ ಸಂಸ್ಥೆಯ ವಾರ್ಷಿಕೋತ್ಸವ. ದೊಡ್ಡ ದಾನಿಗಳು ಬರುತ್ತಾರೆ. ಅಂದು ಮೂವತ್ತು ಮಕ್ಕಳ ಮುಂದೆ ಕೂತು ಅವನು ಕಲ್ಲುಪೆಟ್ಟು ನಡೆಸಬೇಕು. ಮಕ್ಕಳೆಲ್ಲ ಅವನ ಕೈ ನೋಡಿ ಬಾರಿಸುತ್ತಾರೆ. ಮೂಲದಂತೆ ಏಳು ಎಣಿಕೆ ಬಿಟ್ಟರೆ ಅಲ್ಲೇ ವೇದಿಕೆಯ ಮೇಲೆ ನೇಮಕಾತಿ ಪತ್ರ.

ಭಾನುವಾರ ಮಧ್ಯಾಹ್ನ ತಮ್ಮ ಹಿತ್ತಲಲ್ಲಿ ತಗಡಿನ ಡಬ್ಬ ಮಗುಚಿ ಹಾಕಿಕೊಂಡು ಅಭ್ಯಾಸಕ್ಕೆ ಕೂತ. ಅವ್ವ ಒಳಗೆ ಗೋಡೆಗೆ ಒರಗಿ ಕಾಲು ನೀಡಿಕೊಂಡಿದ್ದಳು. ಪೆಟ್ಟು ಶುರುವಾಗುತ್ತಲೇ ಅವಳ ಅಂಗೈ ಮುಚ್ಚಿಕೊಂಡಿತು. ಹಗ್ಗ ಬಿಟ್ಟು ಹದಿನೈದು ವರ್ಷವಾದರೂ ಆ ಕೈ ಅದನ್ನು ಮರೆತಿಲ್ಲ. ಪೆಟ್ಟು ಏರಿತು. ಅವಳ ಹಿಮ್ಮಡಿ ನೆಲವನ್ನು ಒತ್ತಿತು. ತಮ್ಮ ನಿಲ್ಲಿಸಿದ.

“ಬೆಣೆ! ಬೆಣೆ ಹಾಕ್ರೋ!”

ಅವ್ವ ಕಿರುಚಿಕೊಂಡು ಗೋಡೆ ಹಿಡಿದು ಎದ್ದುಬಿಟ್ಟಿದ್ದಳು. ಕಣ್ಣು ಎಲ್ಲೋ ಇತ್ತು. “ಹಿಂದೆ ಯಾರಿದ್ರು? ಯಾರ್ ಹೋದ್ರು, ಹೇಳ್ರೋ!”

“ಅವ್ವಾ, ಇಲ್ಲಿ ಕಲ್ಲೂ ಇಲ್ಲ ಏನೂ ಇಲ್ಲ ಕಣೆ. ಡಬ್ಬ ಅದು” ಅಂತ ನಾನು ಹಿಡಿದು ಕೂರಿಸಿದೆ.

ತಮ್ಮ ಒಳಗೆ ಓಡಿಬಂದ. ಅವ್ವ ಅವನ ಕೆನ್ನೆಗೆ ಬಾರಿಸಿದಳು. “ಯಾವ ಬೋಳಿಮಗ ಕಲಿಸಿದ ನಿಂಗೆ ಇದನ್ನ? ಏರಲ್ಲಿ ನಿಲ್ಸೋದನ್ನ? ನಿಮ್ಮಪ್ಪ ಇದ್ದಿದ್ರೆ ಕೈ ಮುರೀತಿದ್ದ.”

“ಅಪ್ಪಾನೇ ಕಣವ್ವಾ ಹಿಂಗೆ ಹೊಡ್ದಿರೋದು! ನನ್ನ ಕಿವೀಲೇ ಕೇಳ್ದೆ. ಯಂತ್ರದಲ್ಲಿ ಇಟ್ಕೊಂಡಿದಾರೆ.”

“ಸುಳ್ಳು” ಅಂದಳು ಅವ್ವ. ಮತ್ತೆ ಅಂದಳು. “ಸುಳ್ಳು. ನಲವತ್ತು ಜನ ಪ್ರಾಣ ಅವನ ಕೈಗೆ ಕೊಟ್ಟಿದ್ವಿ. ಒಂದಿನ ನಿಲ್ಸಿಲ್ಲ ಆ ಗಂಡಸು.” ಅಂದು ಅವಳು ಊಟ ಮಾಡಲಿಲ್ಲ. ಮುಸುಕು ಹಾಕಿಕೊಂಡು ಮಲಗಿದವಳು, ನಿದ್ದೆಯಲ್ಲೇ ಕಾಲು ಒತ್ತಿ ಒತ್ತಿ ಏನನ್ನೋ ತಡೆಯುತ್ತಿದ್ದಳು.

ಮಾರನೇ ದಿನ ನಾನು ಯಾರೂ ಕರೆಯದೆಯೇ ಮೇಲಿನ ಮೆಟ್ಟಿಲು ತುಳಿದೆ. ಬೀಗಪ್ಪ “ಏಯ್, ಏಯ್” ಅನ್ನುವಷ್ಟರಲ್ಲಿ ನಿರ್ದೇಶಕರ ಕೋಣೆಯಲ್ಲಿದ್ದೆ. ಅವರು ಬೈಯಲಿಲ್ಲ. ಎದ್ದು ಕಿಟಕಿ ತೆರೆದು ಕೂತರು.

“ಸಾರ್, ಆ ಏಳು ತೆಗೆದುಬಿಡಿ. ಅದು ಮೌನ ಅಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನೀವೂ ಅಲ್ಲೇ ಇದ್ರಿ. ನಮ್ಮಪ್ಪ ನಿಮ್ಮ ಕಾಲ್ಬುಡದಲ್ಲೇ ಬಿದ್ದಿದ್ದ.”

ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. “ನೋಡಮ್ಮಾ, ಆರು ವರ್ಷದಿಂದ ಮಕ್ಕಳು ಕಲಿತಿದ್ದಾರೆ. ಪುಸ್ತಕ ಎರಡು ಸಲ ಅಚ್ಚಾಗಿದೆ. ಆ ಮೌನ ಕೇಳಿ ದಾನಿಗಳು ಕಣ್ಣೀರು ಹಾಕಿದ್ದಾರೆ. ಈಗ ಹೋಗಿ ಅದು ಒಬ್ಬ ಮುದುಕನ ಕೆಮ್ಮು ಅಂತ ಹೇಳೋಕಾಗುತ್ತಾ? ನಿಮ್ಮ ತಂದೆಗೇ ಅವಮಾನ ಅಲ್ವಾ?”

“ಅವನು ಅಳಿಸಿ ಅಂದಿದ್ದ, ಸಾರ್.”

“ಕಲಾವಿದರಿಗೆ ತಮ್ಮ ಬೆಲೆ ತಮಗೇ ಗೊತ್ತಿರೋದಿಲ್ಲ.” ಆಮೇಲೆ ಏನೋ ನೆನಪಾದವರಂತೆ, “ನಿನಗೂ ಕೆಮ್ಮು ಶುರುವಾಗಿದೆಯಂತೆ. ವಾರ್ಷಿಕೋತ್ಸವದ ದಿನ ತೊಗಲು ಸಡಿಲವಾದರೆ ಬಿಗಿಯೋಕೆ ನೀನು ಬದಿಯಲ್ಲಿ ಇರಬೇಕಲ್ಲ. ಆ ಏಳು ಎಣಿಕೇಲಿ ಮಾತ್ರ ದಯವಿಟ್ಟು ತಡ್ಕೋ” ಅಂದರು.

ಅಂದು ಸಂಜೆ ಮಂಡಿಯ ಹೊರಗೆ ತಮ್ಮನಿಗಾಗಿ ಕಾದೆ. ಅಪ್ಪನಿಗೆ ಕೊಟ್ಟ ಮಾತನ್ನು ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕೂತು ಮುರಿದೆ. ಕೆಮ್ಮು, ನೀರು, ಮೆಟ್ಟಿಲು, ಅಳಿಸಿ ಅಂದದ್ದು, ಎಲ್ಲ ಹೇಳಿದೆ. ಹೆಗಲ ಮೇಲಿನ ಚೀಲವನ್ನು ಮಡಚುತ್ತಾ, ಬಿಚ್ಚುತ್ತಾ ತಮ್ಮ ಕೇಳಿದ.

“ಎಷ್ಟು ಹೊತ್ತು ಬಿದ್ದಿದ್ದ?”

“ನಾನು ಕೆಳಗಿಳಿದು ನೀರು ತರೋಷ್ಟು ಹೊತ್ತು.”

“ಏಳು ಅಂತಾರಲ್ಲ.”

“ಅವರು ಕತ್ತರಿಸಿ ಇಟ್ಟಿದ್ದು ಏಳು.”

ಅವನು ಚೀಲ ಕೊಡವಿ ಎದ್ದ. “ಈಗ ಹೇಳ್ತಿದೀಯಲ್ಲಕ್ಕಾ. ಇಷ್ಟು ವರ್ಷ ಏನ್ ಮಾಡ್ತಿದ್ದೆ? ಈಗ ನಾನೇನು ಮಾಡ್ಲಿ? ಈ ಭುಜ ನೋಡು. ಇನ್ನೆರಡು ವರ್ಷಕ್ಕೆ ಇದು ಕಟ್ಟಿಗೆ. ನಾನು ಏಳು ಬಿಟ್ಟೇ ಹೊಡೀತೀನಿ. ಸತ್ತೋನಿಗೆ ಮರ್ಯಾದೆ ಯಾಕೆ? ಬದುಕಿರೋರಿಗೇ ಇಲ್ಲ!”

ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಯಾಕೆಂದರೆ ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. “ಹೊಡಿ. ನಾನೇನೂ ಅನ್ನಲ್ಲ” ಅಂದೆ. ಹತ್ತು ದಿನ ಅವನು ಅವ್ವನಿಗೆ ಕೇಳಿಸದಂತೆ ಮಂಡಿಯಲ್ಲೇ ಅಭ್ಯಾಸ ಮಾಡಿದ.

ವಾರ್ಷಿಕೋತ್ಸವ ಮಧ್ಯಾಹ್ನ ಮೂರು ಗಂಟೆಗೆ. ಸಂಸ್ಥೆಯ ಸಭಾಂಗಣದ ತಂಪುಗಾಳಿಗೆ ತೊಗಲು ಸಡಿಲವಾಗುತ್ತದೆ ಅಂತ ನನ್ನನ್ನು ವೇದಿಕೆಯ ಪಕ್ಕದ ಪರದೆಯ ಹಿಂದೆ ಕೆಂಡದ ಬಾಣಲೆಯೊಂದಿಗೆ ಕೂರಿಸಿದ್ದರು. ಮುಂದಿನ ಸಾಲಿನಲ್ಲಿ ದಾನಿಗಳು. ವೇದಿಕೆಯ ಒಂದು ಬದಿಗೆ ಬಿಳಿ ಬಟ್ಟೆ ಹೊದಿಸಿದ ಮೇಜು, ಅದರ ಮೇಲೆ ಮುಚ್ಚಳ ಹಾಕಿದ ಗಾಜಿನ ಲೋಟಗಳು. ನಿರ್ದೇಶಕರು ಮೈಕಿನ ಮುಂದೆ ನಿಂತು ಅಪ್ಪನ ಬಗ್ಗೆ ಮಾತಾಡಿದರು. ಅಪ್ಪನನ್ನು ಸಂಸ್ಥೆ ಕೈಹಿಡಿದು ಮೇಲೆತ್ತಿತು ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ಎದೆಯನ್ನು ಒತ್ತಿ ಹಿಡಿದು ಕೆಮ್ಮು ನುಂಗಿದೆ.

ಮುಂದೆ ತಮ್ಮ, ಅವನ ಹಿಂದೆ ಮೂವತ್ತು ಮಕ್ಕಳು. ಶುರುವಾಯಿತು. ಅವನು ಅಪ್ಪನಿಗಿಂತ ಚೆನ್ನಾಗಿ ಬಾರಿಸಿದ ಅಂತ ಹೇಳಿದರೆ ಅಪ್ಪನೂ ಅಲ್ಲ ಅನ್ನಲಿಕ್ಕಿಲ್ಲ. ಪೆಟ್ಟು ಏರಿತು. ನೆಲ ಅದುರಿತು. ತಮ್ಮ ಕೈ ಎತ್ತಿದ. ಮೂವತ್ತು ಕೈಗಳು ಕಿವಿಯ ಎತ್ತರಕ್ಕೆ ಎದ್ದವು. ಮೂವತ್ತು ಜೊತೆ ಕಣ್ಣು ಮುಚ್ಚಿದವು.

ಒಂದು. ಎರಡು. ನಿರ್ದೇಶಕರೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಆರು. ಏಳು.

ಎಂಟಕ್ಕೆ ಕೈ ಇಳಿಯಲಿಲ್ಲ. ಒಂಬತ್ತು. ಹತ್ತು. ಮಕ್ಕಳು ಒಬ್ಬೊಬ್ಬರಾಗಿ ಕಣ್ಣು ಬಿಟ್ಟು ತಮ್ಮನ ಕೈ ನೋಡಿದರು. ಅದು ಗಾಳಿಯಲ್ಲೇ ಇತ್ತು. ಬಲಗೈ, ಆ ಜಾರಿದ ಭುಜದ್ದು, ನಡುಗುತ್ತಿತ್ತು.

“ಹೊಡಿಯಪ್ಪಾ” ಅಂದರು ನಿರ್ದೇಶಕರು ಹಲ್ಲುಗಳ ಸಂದಿಯಿಂದ. “ಎಂಟು ಆಯ್ತು. ಹೊಡಿ.”

ತಮ್ಮ ಪರದೆಯತ್ತ ತಿರುಗಿದ. ಡೋಲಿಗೆ ಇಟ್ಟಿದ್ದ ಮೈಕು ಅವನ ಬಾಯಿಯ ಹತ್ತಿರವೇ ಇತ್ತು.

“ಅಕ್ಕಾ, ನೀರು” ಅಂದ.

ಸಭಾಂಗಣದ ಮೂಲೆಮೂಲೆಗೂ ಕೇಳಿಸಿತು. ನಾನು ಎದ್ದು ಬೆಳಕಿಗೆ ಬಂದೆ. ಇಷ್ಟು ದಿನ ನುಂಗಿದ ಕೆಮ್ಮು ಬಂದುಬಿಟ್ಟಿತು, ತಡೆಯಲಿಲ್ಲ. ಇಡೀ ಸಭೆ ಕೂತು ಕೇಳಿತು. ನಿರ್ದೇಶಕರ ಮುಖ ಬಿಳಿಚಿಕೊಂಡಿತ್ತು. ಅವರೊಬ್ಬರಿಗೆ ಮಾತ್ರ ಅರ್ಥವಾಗಿತ್ತು.

ಬೀಗಪ್ಪ ಮೇಜಿನ ಮೇಲಿನ ಒಂದು ಲೋಟ ಎತ್ತಿಕೊಂಡು ಓಡಿಬಂದ. ಅವಸರದಲ್ಲಿ ಕರ್ಚೀಫು ಮರೆತಿದ್ದ. “ತಗೊಳಮ್ಮಾ, ಇದನ್ನೇ ಕೊಡು. ಬೇಗ, ಬೇಗ!”

“ಅದು ಮೇಷ್ಟ್ರುಗಳ ಲೋಟ” ಅಂದೆ. “ನಮ್ಮದು ಕೆಳಗಿದೆ.”

ವೇದಿಕೆ ಇಳಿದು, ದಾನಿಗಳ ಸಾಲಿನ ಮುಂದಿನಿಂದಲೇ ನಡೆದು, ಹಿಂದಿನ ಬಾಗಿಲು ದಾಟಿ ಮೆಟ್ಟಿಲ ಬಳಿ ಬಂದೆ. ಅಪ್ಪ ಬಿದ್ದ ದಿನ ಎರಡೆರಡು ಮೆಟ್ಟಿಲು ಹಾರಿ ಇಳಿದಿದ್ದೆ, ಒಂದು ಮೊಣಕಾಲು ಒಡೆದುಕೊಂಡಿದ್ದೆ. ಈಗ ಒಂದೊಂದನ್ನೇ ಇಳಿದೆ. ಮೇಲಿನಿಂದ ಯಾರೋ ದಾನಿ ಏನೋ ಕೇಳಿದ್ದು, ನಿರ್ದೇಶಕರ ಮೃದುವಾದ ದನಿ ತಡವರಿಸಿದ್ದು ಕೇಳಿಸಿತು. ಡೋಲಿನ ಸದ್ದು ಮಾತ್ರ ಇರಲಿಲ್ಲ. ತಮ್ಮನ ಕೈ ಇನ್ನೂ ಎತ್ತಿಯೇ ಇರಬೇಕು. ಮಕ್ಕಳು ಇನ್ನೂ ಕಾಯುತ್ತಿರಬೇಕು.

ನೆಲಮಾಳಿಗೆಯಲ್ಲಿ ನಲ್ಲಿ ತಿರುಗಿಸಿದೆ. ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. ತಂಬಿಗೆಯನ್ನು ಅದರ ಕೆಳಗಿಟ್ಟು, ತುಂಬಲಿ ಅಂತ ಅಪ್ಪನ ಮಣೆಯ ಮೇಲೆ ಕೂತೆ.